ಆಯಿ ಎಂದರೆ ಯಾರು

ಡೊಂಬಿವಲಿ ಪೂರ್ವ
22 ಜೂನ್ 2025

ಪ್ರಿಯ ಪೂನಂ,

ಅಕ್ಷರ ನೋಡಿ ಗಾಬರಿಯಾಗಬೇಡ. ಮಾತು ನನ್ನದು, ಕೈ ಮಾತ್ರ ಹೋಟೆಲಿನ ಪ್ರೇಮನಾಥ ಮಾವನದು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ನೀನು ಮುಂದಿನ ಬೆಂಚು, ನಾನು ಕಿಟಕಿ. ಅದರ ಫಲ ಇದು. ಹಿಂದಿಯಲ್ಲಿ ಬರೆಯುತ್ತೇನೆ ಎಂದರೆ ಮಾವ ಒಪ್ಪಲಿಲ್ಲ. "ತಪ್ಪು ಯಾವ ಲೆಕ್ಕದ ಪುಸ್ತಕದಲ್ಲಿ ಬಿದ್ದಿದೆಯೋ ಅದರಲ್ಲೇ ತಿದ್ದಬೇಕು ಮಾರಾಯ್ತಿ. ಬೇರೆ ಪುಸ್ತಕದಲ್ಲಿ ತಿದ್ದಿದ್ರೆ ಅದು ಎರಡನೇ ತಪ್ಪು" ಎಂದರು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯಲ್ಲ, ಅದಕ್ಕೇ ಅಂಚೆ. ಸಾನಪಾಡಾದ ವಿಳಾಸ ನಿಮ್ಮ ಹಳೆಯ ಬಿಲ್ಡಿಂಗಿನ ವಾಚ್‌ಮನ್ ಕೊಟ್ಟ.

ನಡೆದದ್ದು ನಿನಗೆ ಗೊತ್ತು. ಮಾವನಿಗೆ ಪೂರ್ತಿ ಗೊತ್ತಿಲ್ಲ; ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕುವುದಿಲ್ಲ ಎಂದು ಪೆನ್ನು ಮುಚ್ಚಿ ಕೂತಿದ್ದಾರೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಕಳೆದ ವರ್ಷ ನವೆಂಬರಿನಲ್ಲಿ ನಿನ್ನ ಅಮ್ಮ ಮೂರು ವಾರ ಮನೆಯಲ್ಲಿರಲಿಲ್ಲ. ಕೇಳಿದರೆ "ವಿಜಯಪುರದಾಗ ದವಾಖಾನಿಯೊಳಗ ಅದಾಳ" ಎಂದೆ. ಯಾರನ್ನು ನೋಡಿಕೊಳ್ಳಲು ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ನಿನ್ನ ಮೆಸೇಜು ಬಂತು: "ಆಯಿ ಹೋದಳು. ನಾನು ಅಪ್ಪ ಊರಿಗೆ ಹೊಂಟೀವಿ." ನೀನು ನನ್ನ ಜೊತೆ ಅರ್ಧ ಮರಾಠಿ, ಅರ್ಧ ಕನ್ನಡ ಆಡುವವಳು. ಡೊಂಬಿವಲಿಯಲ್ಲಿ ಆಯಿ ಎಂದರೆ ಅಮ್ಮ. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ವಡಾಪಾವ್ ಗಾಡಿಯ ಹತ್ತಿರ, ಎಲ್ಲ ಕಡೆಯೂ ಅಮ್ಮನೇ. ನಿಮ್ಮ ಕಡೆ ಆಯಿ ಎಂದರೆ ಅಜ್ಜಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಮ್ಮನನ್ನು ನೀನು ಅವ್ವ ಎನ್ನುತ್ತಿದ್ದೆ, ನಿಜ. ದುಃಖದಲ್ಲಿ ಮರಾಠಿ ಬಂದಿರಬೇಕು ಅಂದುಕೊಂಡೆ.

ಅಳುತ್ತಾ ಟೀಚರಿಗೆ ಹೇಳಿದೆ. ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆ ಎರಡು ನಿಮಿಷ ಮೌನ ನಿಂತಿತು. ಕ್ಲಾಸಿನ ಬೋರ್ಡಿಗೆ ಒಂದು ಫೋಟೋ ಬೇಕು ಎಂದಾಯಿತು. ನನ್ನ ಹತ್ತಿರ ನಿನ್ನ ಅಮ್ಮನ ಫೋಟೋ ಇದ್ದದ್ದು ಒಂದೇ: ಕ್ರೀಡಾ ದಿನದ ತಾಯಂದಿರ ನಿಂಬೆಹಣ್ಣಿನ ಓಟದ್ದು. ಬಾಯಲ್ಲಿ ಚಮಚ, ಚಮಚದ ಮೇಲೆ ನಿಂಬೆಹಣ್ಣು, ಎರಡೂ ಕಣ್ಣು ಹಣ್ಣಿನ ಮೇಲೆ. ಅದನ್ನೇ ದೊಡ್ಡದು ಮಾಡಿಸಿ ಸೇವಂತಿಗೆ ಮಾಲೆ ಹಾಕಿದೆವು. ದಿನಾ ಮಾಲೆ ಬದಲಿಸುವ ಕೆಲಸ ನನ್ನದು.

ಹದಿನಾರನೆಯ ದಿನ ನೀನು ಬಂದೆ. ರಜೆಯ ಚೀಟಿ ಕೊಡಲು ನಿನ್ನ ಜೊತೆ ನಿನ್ನ ಅಮ್ಮ ಬಂದರು.

ಮುಂದೆ ಹೇಳಲು ಆಗುವುದಿಲ್ಲ. ಮಾವ "ಹೇಳು" ಎನ್ನುತ್ತಿದ್ದಾರೆ. ನಿನ್ನ ಅಮ್ಮ ಬಾಗಿಲಲ್ಲಿ ನಿಂತು ಆ ಫೋಟೋ ನೋಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದಕ್ಕೆ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನ ಹುಡುಗ ಪ್ರಥಮ "ಭೂತ್ ಆಂಟಿ" ಎಂದ. ಮರುದಿನದಿಂದ ನೀನು ಭೂತ್ ಆಂಟಿಯ ಮಗಳು. ಅವತ್ತಿನಿಂದ ಏಪ್ರಿಲ್‌ವರೆಗೆ ನೀನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಮೇ ತಿಂಗಳಲ್ಲಿ ನಿಮ್ಮ ಅಪ್ಪನ ಕೆಲಸಕ್ಕೆ ಹತ್ತಿರವೆಂದು ಸಾನಪಾಡಾಕ್ಕೆ ಹೋದಿರಿ. ಹೋಗುವ ದಿನವೂ ಹೇಳಲಿಲ್ಲ.

ಸಾರಿ ಪೂನಂ. ನನಗೆ ಗೊತ್ತಿರಲಿಲ್ಲ. ನಾವು ಮೊದಲಿನ ಹಾಗೆ ಆಗಬೇಕು.

ನಿನ್ನ ಗೆಳತಿ
ನಿಕಿತಾ

ಬರೆದವನ ಸಾಲು: ಇದನ್ನು ಹೇಳುವಾಗ ಹುಡುಗಿ ಮೂರು ಕಡೆ ನಿಂತಳು. ಕಾಗದದಲ್ಲಿ ಅದು ಕಾಣುವುದಿಲ್ಲವಾದ್ದರಿಂದ ನಮೂದಿಸಿದ್ದೇನೆ. ಪ್ರೇಮನಾಥ ಕೋಟ್ಯಾನ್.


ಸಾನಪಾಡಾ
3 ಜುಲೈ 2025

ನಿಕಿತಾ,

ನಿನ್ನ ಪತ್ರ ಇದರೊಳಗೇ ವಾಪಸ್ ಇದೆ. ಅದು ನಿಮ್ಮ ಮಾವನ ಅಕ್ಷರ. ಅವರ ಹೋಟೆಲಿನ ಹಲಗೆಯ ಮೇಲೆ "ಇವತ್ತು ಬನ್ಸ್ ಮುಗಿದಿದೆ" ಎಂದು ಬರೆಯುವುದೂ ಇದೇ ಅಕ್ಷರದಲ್ಲಿ. ಎರಡನ್ನೂ ಓದಿದಾಗ ನನಗೆ ಒಂದೇ ತರಹ ಅನ್ನಿಸಿತು.

ಪೂನಂ


ಡೊಂಬಿವಲಿ ಪೂರ್ವ
20 ಜುಲೈ 2025

ಪೂನಂ,

ಇದು ನನ್ನ ಕೈ. ಒಂಬತ್ತು ದಿನ ಹಿಡಿಯಿತು. ಒತ್ತಕ್ಷರ ಎಲ್ಲಿ ಹೋಗಿ ಕೂರುತ್ತದೆ ಎಂದು ಹುಡುಕುವುದರಲ್ಲೇ ಎರಡು ಸಂಜೆ. ಮಾವ ಪಕ್ಕದಲ್ಲಿ ಕೂತು ತಪ್ಪು ತೋರಿಸಿದರು. ಒಂದು ಅಕ್ಷರವನ್ನೂ ಬರೆದುಕೊಡಲಿಲ್ಲ.

ಪ್ರಥಮನನ್ನು ಹಿಡಿದು ಕೇಳಿದೆ. "ನಿನ್ನ ಅಜ್ಜಿ ಸತ್ತಾಗ ಯಾರಾದರೂ ನಕ್ಕರಾ?" ಅವನು "ಮೇರಿ ತೊ ದೋನೊ ಜಿಂದಾ ಹೈಂ" ಎಂದ, ಇಬ್ಬರು ಅಜ್ಜಿಯರೂ ಬದುಕಿದ್ದಾರಂತೆ. ಅವನ ಹತ್ತಿರ ಅಷ್ಟೇ ಸಿಕ್ಕಿದ್ದು.

ಆಮೇಲೆ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕೂತು, ಯಾರದು ಎಷ್ಟು ತಪ್ಪು ಎಂದು ನೂರಕ್ಕೆ ಹಂಚಿದೆ. ಆ ಪದಕ್ಕೆ ಮೂವತ್ತು. ಎರಡು ಭಾಷೆಯಲ್ಲಿ ಎರಡು ಅರ್ಥ ಇಟ್ಟುಕೊಂಡು ಸುಮ್ಮನೆ ಕೂತಿದೆ. ನಿನ್ನ ಮೆಸೇಜಿಗೆ ಹತ್ತು, "ನಮ್ಮ ಅಜ್ಜಿ" ಎಂದಿದ್ದರೆ ನಾಲ್ಕೇ ಅಕ್ಷರದ ಕೆಲಸ. ಟೀಚರಿಗೆ ಹದಿನೈದು, ನಿಮ್ಮ ಅಪ್ಪನಿಗೆ ಒಂದು ಫೋನ್ ಮಾಡಬಹುದಿತ್ತು. ಪ್ರಥಮನಿಗೆ ಇಪ್ಪತ್ತು. ಉಳಿದ ಇಪ್ಪತ್ತೈದು ನನ್ನದು. ಒಯ್ದು ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ನಿನ್ನ ಪಾಲು ಕಾಲು ಭಾಗವಾ?"

"ಹ್ಞಾಂ."

"ಮಾಲೆ ಬದಲಿಸಿದ್ದು ಯಾರು?"

"ನಾನು."

"ಹದಿನೈದು ದಿನ?"

"ರಜೆ ಬಿಟ್ಟು."

"ಅಷ್ಟು ದಿನದಲ್ಲಿ ಒಂದು ಸಲ ಆ ಮಗುವಿಗೆ ಫೋನ್ ಮಾಡಿದ್ದುಂಟಾ?"

"ಅಳ್ತಾಳೆ ಅಂತ ಹೆದರಿಕೆ ಆಯ್ತು ಮಾವ."

"ಹಾಗಾದ್ರೆ ಹಂಚಿದ್ದು ಸಾಕು. ಚಾ ಕುಡಿ" ಎಂದು ಕಾಗದ ಮಡಚಿ ವಾಪಸ್ ಕೊಟ್ಟರು.

ಹೂವಿನವಳ ಹತ್ತಿರ ಹೋಗಲು ನನಗೆ ದಿನಾ ಸಮಯ ಸಿಗುತ್ತಿತ್ತು. ನಿನಗೆ ಫೋನ್ ಮಾಡಲು ಸಿಗಲಿಲ್ಲ. ಮಾಡಿದ್ದರೆ ಅರ್ಧ ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ಇದನ್ನು ಯಾರ ಪಾಲಿಗೆ ಹಾಕುವುದು ಎಂದು ಯೋಚಿಸಿದೆ. ಬೇರೆ ಯಾರೂ ಉಳಿದಿರಲಿಲ್ಲ.

ಉತ್ತರ ಬರೆ. ಬೈದಾದರೂ ಬರೆ.

ನಿಕಿತಾ


ಸಾನಪಾಡಾ
2 ಆಗಸ್ಟ್ 2025

ಪ್ರೇಮನಾಥ ಅಣ್ಣಾವ್ರಿಗೆ ಪೂನಂ ತಾಯಿ ನೀಲಗಂಗಾಳ ಶರಣು.

ನಿಮ್ಮ ನಿಕಿತಾಳ ಎರಡನೆಯ ಪತ್ರವನ್ನು ಪೂನಂ ಓದಿ ಗೋದಿ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ಹರಿದಿಲ್ಲ, ಉತ್ತರವನ್ನೂ ಬರೆದಿಲ್ಲ. ಹಿಟ್ಟು ತೆಗೆಯಲು ಹೋದಾಗ ನನ್ನ ಕೈಗೆ ಸಿಕ್ಕಿತು, ಓದಿದೆ. ನಿಮ್ಮ ಹುಡುಗಿ ಎಲ್ಲರಿಗೂ ಪಾಲು ಹಾಕಿದ್ದಾಳೆ. ನನಗೆ ಒಂದೂ ಹಾಕಿಲ್ಲ. ಮೊದಲು ನಕ್ಕವಳು ನಾನು.

ಹೋದವಳು ನನ್ನ ಹಡೆದವ್ವ. ಮೂರು ವಾರ ದವಾಖಾನೆಯಲ್ಲಿ ಅವಳ ಮಂಚದ ಕೆಳಗೆ ಮಲಗಿದೆ. ಹೋದ ಮೇಲೆ ಮಣ್ಣಿಗೆ ಬಂದವರಿಗೆ ಚಹಾ, ಊಟ, ಹಾಸಿಗೆ. ತಮ್ಮ ಸಿದ್ಧೇಶ್ವರ ನೆಲ ಹಿಡಿದು ಮಲಗಿದ, ಅವನಿಗೆ ಸಮಾಧಾನ. ಅಳುವುದಕ್ಕೆ ನನ್ನ ಸರದಿ ಬರಲೇ ಇಲ್ಲ ಅಣ್ಣಾವ್ರೆ. ಕಲ್ಲಿನ ಹಾಗೆ ಡೊಂಬಿವಲಿಗೆ ಬಂದೆ, ಕಲ್ಲಿನ ಹಾಗೆ ಶಾಲೆಗೆ ಹೋದೆ.

ಅಲ್ಲಿ ನೋಡಿದರೆ ಗೋಡೆಯ ಮೇಲೆ ನಾನು. ಕೊರಳಲ್ಲಿ ಮಾಲೆ, ಬಾಯಲ್ಲಿ ಚಮಚ, ಅದರ ತುದಿಗೆ ನಿಂಬೆಹಣ್ಣು. ನಮ್ಮವ್ವನ ಹೆಸರು ನಿಂಬೆವ್ವ. ಊರಲ್ಲಿ ಎಲ್ಲರೂ ಅವಳನ್ನು ನಿಂಬಿ ಎಂದೇ ಕರೆಯುವುದು. ಮಾಲೆ ನನ್ನ ಕೊರಳಿಗೆ ಬಿದ್ದಿದೆ, ಹಾಕಿಸಿಕೊಳ್ಳಬೇಕಾದವಳು ಚಮಚದ ಮೇಲೆ ಆರಾಮಾಗಿ ಕೂತಿದ್ದಾಳೆ. ಅವಳು ಇದ್ದಿದ್ದರೆ ಅವಳೇ ಮೊದಲು ನಗುತ್ತಿದ್ದಳು. ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಹುಡುಗರಿಗೆ ನಗು ಮಾತ್ರ ಕಾಣಿಸಿತು. ನನ್ನ ಮಗಳಿಗೂ ಅಷ್ಟೇ ಕಾಣಿಸಿತು.

ಅವಳ ಸಿಟ್ಟು ನಿಕಿತಾಳ ಮೇಲೆ ಎಂದುಕೊಂಡು ಇಷ್ಟು ತಿಂಗಳು ನಾನು ಸುಮ್ಮನಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಸಲೀಸಾಗಿತ್ತು. ಮನೆಯಲ್ಲಿ ಮಾತು ಉಂಟು: ಉಪ್ಪು ಕೊಡು, ಬಾಗಿಲು ಹಾಕು. ಆಯಿಯ ಸುದ್ದಿ ತೆಗೆದರೆ ಎದ್ದು ಗ್ಯಾಲರಿಗೆ ಹೋಗುತ್ತಾಳೆ.

ನೀವು ನಾಲ್ಕು ಮಂದಿಯನ್ನು ಕಂಡವರು. ಇದನ್ನು ಅವಳಿಗೆ ಹೇಗೆ ಹೇಳಲಿ?

ನಿಮ್ಮ ತಂಗಿ
ನೀಲಗಂಗಾ


ಡೊಂಬಿವಲಿ ಪೂರ್ವ
8 ಆಗಸ್ಟ್ 2025

ನೀಲಗಂಗಾ ತಂಗಿಗೆ ನಮಸ್ಕಾರ.

ನಿಮ್ಮ ಪತ್ರ ತಪ್ಪು ವಿಳಾಸಕ್ಕೆ ಬಂದಿದೆ. ಇದರೊಂದಿಗೆ ಹಿಂತಿರುಗಿಸುತ್ತಿದ್ದೇನೆ. ಮೇಲಿನ ಹೆಸರು ಹೊಡೆದು ಮಗಳ ಹೆಸರು ಬರೆಯಿರಿ, ಬೇರೇನೂ ತಿದ್ದಬೇಡಿ. ಅಂಚೆಚೀಟಿ ಅಂಟಿಸಿದ ಲಕೋಟೆ ಒಂದನ್ನು ಇಟ್ಟಿದ್ದೇನೆ, ಪೂನಂ ಹೆಸರು, ಸಾನಪಾಡಾ ವಿಳಾಸ ಬರೆದಾಗಿದೆ. ಕೈಯಲ್ಲಿ ಕೊಡಬೇಡಿ. ಅಂಚೆ ಡಬ್ಬಿಗೆ ಹಾಕಿ. ನಿಮ್ಮ ಅಡುಗೆಮನೆಯಿಂದ ಹಾಲ್‌ಗೆ ಹತ್ತು ಹೆಜ್ಜೆ ಇರಬಹುದು. ಕೆಲವು ಮಾತುಗಳಿಗೆ ಆ ದಾರಿ ದೂರ, ಪೋಸ್ಟ್ ಆಫೀಸಿನ ದಾರಿಯೇ ಹತ್ತಿರ.

ಪದ ತಪ್ಪುವುದರ ಬಗ್ಗೆ ನನಗೂ ಸ್ವಲ್ಪ ಅನುಭವ ಉಂಟು. ಹದಿಮೂರಕ್ಕೆ ಊರು ಬಿಟ್ಟು ಠಾಣೆ ಪಟ್ಟಣದ ಒಂದು ಹೋಟೆಲಿಗೆ ಸೇರಿದೆ. ಹಗಲು ಲೋಟ ತೊಳೆಯುವುದು, ಸಂಜೆ ಕನ್ನಡ ನೈಟ್ ಸ್ಕೂಲ್. ಮಾಸ್ತರರು ಧಾರವಾಡದ ಕಡೆಯವರು. ಹೆಸರು ಬರೆದುಕೊಳ್ಳುವಾಗ "ಮನ್ಯಾಗ ಯಾರದಾರ?" ಎಂದರು. "ಅಪ್ಪೆ ಉಂಟು" ಎಂದೆ. ನಮ್ಮ ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಅವರು "ತಂದೆ ಇದ್ದಾರೆ" ಎಂದು ರಿಜಿಸ್ಟರಿಗೆ ಏರಿಸಿದರು. ತಂದೆ ಹೋದಾಗ ನನಗೆ ನಾಲ್ಕು ವರ್ಷ. ಎರಡು ವರ್ಷ, ಪ್ರತಿ ಪಾಲಕರ ಸಭೆಯ ಮರುದಿನ ನನಗೆ ಬೈಗುಳ: "ನಿಮ್ಮಪ್ಪಗ ಒಮ್ಮೆನೂ ಬರಾಕ ಆಗೂದಿಲ್ಲೇನಲೇ?"

ತಿದ್ದಿಸಬಹುದಿತ್ತು. ತಿದ್ದಿಸಲಿಲ್ಲ. ಒಂದು ರಿಜಿಸ್ಟರಿನಲ್ಲಾದರೂ ಇದ್ದಾರಲ್ಲ ಎಂದು ಬಿಟ್ಟೆ.

ನಿಮ್ಮ ತಾಯಿಯ ಹೆಸರು ನಿಕಿತಾಳಿಗೆ ಹೇಳಿಲ್ಲ. ನಾನು ಹೇಳಿದರೆ ಅದು ಸುದ್ದಿ. ಅವಳೇ ಕೇಳಿ ತಿಳಿಯಲಿ.

ಇತಿ
ಪ್ರೇಮನಾಥ ಕೋಟ್ಯಾನ್


ಸಾನಪಾಡಾ
24 ಆಗಸ್ಟ್ 2025

ನಿಕಿತಾ,

ನಮ್ಮ ಮನೆಯಿಂದ ನಮ್ಮ ಮನೆಗೆ ನನಗೊಂದು ಪತ್ರ ಬಂತು. ಲಕೋಟೆಯ ಮೇಲೆ ನಿಮ್ಮ ಮಾವನ ಅಕ್ಷರ, ಒಳಗೆ ಅವ್ವನದು. ಪೋಸ್ಟ್‌ಮನ್ ಬೆಲ್ ಹೊಡೆದಾಗ ಅವ್ವ ಅಡುಗೆಮನೆಯಲ್ಲಿದ್ದಳು. ನಾನು ಒಡೆಯುವುದನ್ನು ನೋಡಿ ಮಿಕ್ಸಿ ಹಾಕಿದಳು. ಏನು ಬರೆದಿತ್ತು ಎಂದು ನಿನಗೆ ಹೇಳುವುದಿಲ್ಲ. ಓದಿ ಮುಗಿಯಿತು, ಮಿಕ್ಸಿ ನಿಲ್ಲಲಿಲ್ಲ. ಒಳಗೆ ಹೋಗಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ, ಖಾಲಿ ತಿರುಗುತ್ತಿತ್ತು. ನಾನೇ ಬಂದ್ ಮಾಡಿದೆ.

ಈಗ ನಿನ್ನ ಹಂಚಿಕೆಯ ವಿಷಯ. ಹಂಚಿಕೆಯಲ್ಲಿ ಒಂದು ತಪ್ಪು ಇದೆ. ನೀನು ಪದವನ್ನು ತಪ್ಪು ತಿಳಿದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಮೊದಲ ಸಲ ನಿಮ್ಮ ಮನೆಗೆ ಬಂದಾಗ ನಿನ್ನ ಅಮ್ಮ "ಬೊಂಡ ಕುಡಿ" ಎಂದರು, ಕರಿದ ಬೋಂಡಾವನ್ನು ಹೇಗೆ ಕುಡಿಯುವುದು ಎಂದು ನಾನು ಕೂತಿದ್ದೆ. ಆಮೇಲೆ ಎಳನೀರು ಬಂತು. ಪದ ತಪ್ಪುತ್ತದೆ.

ಆದರೆ ಅವತ್ತು ಕ್ಲಾಸಿನಲ್ಲಿ ಏನಾಯಿತು ನೋಡು. ಅವ್ವ ಸತ್ತಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ನಕ್ಕರು. ಬೋರ್ಡಿನಿಂದ ಫೋಟೋ ಇಳಿಸಿದರು. ಬೆಲ್ ಹೊಡೆಯಿತು, ಗಣಿತದ ಪೀರಿಯಡ್ ಶುರುವಾಯಿತು. ಹಾಗಾದರೆ ಸತ್ತವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಟೀಚರ್ ಕೇಳಲಿಲ್ಲ, ನೀನೂ ಕೇಳಲಿಲ್ಲ. ಶಾಲೆಯ ಎರಡು ನಿಮಿಷದ ಮೌನ ಬದುಕಿರುವ ಅವ್ವನ ಹೆಸರಿಗೆ ಹೋಯಿತು. ಆಯಿಗೆ ಬಂದದ್ದು ನಗು.

ಮೊದಲನೆಯದನ್ನು ವಾಪಸ್ ಕಳಿಸುವಾಗ ಅದರ ಫೋಟೋ ತೆಗೆದಿಟ್ಟಿದ್ದೆ; ನಿನ್ನ ಎರಡು ಪತ್ರಗಳಲ್ಲಿ "ನಾನು", "ನನ್ನ", "ನನಗೆ" ಎಷ್ಟು ಸಲ ಇವೆ ಎಂದು ಎಣಿಸಲು ಹೊರಟೆ. ಹತ್ತು ದಾಟಿದ ಮೇಲೆ ಬಿಟ್ಟೆ. ನಮ್ಮ ಆಯಿಯ ಹೆಸರೇನು ಎಂಬ ಪ್ರಶ್ನೆ ಒಂದು ಸಲವೂ ಇಲ್ಲ.

ಇನ್ನೊಂದು. ಎರಡು ವರ್ಷ ಸ್ಕೂಲ್ ಬಸ್ಸಿನಲ್ಲಿ ನಿನಗೆ ಆಯಿಯ ಕತೆ ಹೇಳಿಕೊಂಡು ಬಂದೆ. "ನಮ್ಮ ಆಯಿ ಹಂಗ ಮಾಡಿದಳು, ನಮ್ಮ ಆಯಿ ಹಿಂಗ ಮಾಡಿದಳು" ಎಂದು. ಅದೆಲ್ಲ ಯಾರ ಕತೆ ಅಂತ ಕೇಳುತ್ತಿದ್ದೆ?

ಪೂನಂ


ಡೊಂಬಿವಲಿ ಪೂರ್ವ
7 ಸೆಪ್ಟೆಂಬರ್ 2025

ಪೂನಂ,

ನಿನ್ನ ಅಮ್ಮನ ಕತೆ ಅಂತ ಕೇಳುತ್ತಿದ್ದೆ.

ನಗಬೇಡ, ಅಥವಾ ನಗು. ಎರಡು ವರ್ಷ ನಾನು ನಿನ್ನ ಅಮ್ಮನಿಗೆ ಎಷ್ಟು ಹೆದರುತ್ತಿದ್ದೆ ಗೊತ್ತಾ? ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಹಾವು ಬಂದರೆ, ಅದರ ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಕಲ್ಲಿಟ್ಟು, ಬಂದ ಬೀಗರು ಉಂಡು ಏಳುವವರೆಗೆ ಸುದ್ದಿ ಎತ್ತದ ಹೆಂಗಸು. ಅವರ ಜೊತೆ ಲಿಫ್ಟಿನಲ್ಲಿ ಒಬ್ಬಳೇ ಹೋಗಬೇಕಾದರೆ ನಾನು ಮೆಟ್ಟಿಲು ಹತ್ತುತ್ತಿದ್ದೆ. ನಾಲ್ಕು ಮಹಡಿ.

ನಿನ್ನ ಪತ್ರ ಬಂದ ದಿನ ಕೂತು ನೆನಪು ಮಾಡಿಕೊಂಡೆ. ನನ್ನ ಹತ್ತಿರ ಒಂಬತ್ತು ಕತೆಗಳಿವೆ. ಎಲ್ಲವೂ ಇವೆ, ಹೆಸರು ಮಾತ್ರ ತಪ್ಪು. ಮಾವನನ್ನು ಕೇಳಿದೆ, ಒಬ್ಬರ ಹೆಸರಿನಲ್ಲಿ ಬರೆದದ್ದು ಇನ್ನೊಬ್ಬರದಾದರೆ ಏನು ಮಾಡಬೇಕು ಎಂದು. "ಹೊಡೆದು ಹಾಕಬಾರದು. ಹೊಸ ಪುಟ ತೆಗೆದು ಅವರ ಹೆಸರು ಬರೆದು, ಒಂದೊಂದೇ ಅಲ್ಲಿಗೆ ವರ್ಗ ಮಾಡಬೇಕು" ಎಂದರು. ಹೊಸ ಪುಟ ತೆಗೆದೆ. ಮೇಲೆ ಹೆಸರಿನ ಜಾಗ ಖಾಲಿ ಇದೆ. ನಿಮ್ಮ ಆಯಿಯ ಹೆಸರೇನು ಪೂನಂ?

ಹಾವಿನದು ಹೊಸ ಪುಟಕ್ಕೆ ಹೋಯಿತು. ಬಸ್ಸಿನ ಕಿಟಕಿಯಿಂದ ಕೋಳಿ ಹಾರಿತೆಂದು ಕಂಡಕ್ಟರನ ಸೀಟಿಯನ್ನೇ ಕಸಿದುಕೊಂಡು ಊದಿದ್ದನ್ನು ವರ್ಗ ಮಾಡಿದೆ. ಕುದಿಯುವ ಸದ್ದು ಕೇಳಿಯೇ ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದದ್ದು, ಓದಲು ಬಾರದಿದ್ದರೂ ನಿನ್ನ ಪತ್ರವನ್ನು ಪೋಸ್ಟ್‌ಮನ್ ಅಂಬಾರಾಯನಿಂದ ಎರಡು ಸಲ ಓದಿಸಿ, ಎರಡನೆಯ ಸಲ ಅವನು ಒಂದು ಸಾಲು ಬಿಟ್ಟರೆ ಹಿಡಿಯುತ್ತಿದ್ದದ್ದು, ಅವೂ ಹೋದವು. ಮನೆಯಲ್ಲೇ ಇರುವ ಅಮ್ಮನಿಗೆ ಪತ್ರ ಯಾಕೆ ಎಂದು ಆಗ ನಾನು ಯೋಚಿಸಿರಲೇ ಇಲ್ಲ. ಆ ಪತ್ರಗಳಿಗೋಸ್ಕರ ನೀನು ಕನ್ನಡ ಕ್ಲಾಸಿಗೆ ಬರುತ್ತಿದ್ದೆ ಎಂದು ಬರೆಯುವಾಗ ಹೊಳೆಯಿತು.

ಒಂದು ಕತೆ ಮಾತ್ರ ಪೂರ್ತಿ ಆಗುತ್ತಿಲ್ಲ. ಆಯಿ ಹತ್ತು ವರ್ಷದವಳಿದ್ದಾಗ ಕರು ಒಂದು ಒಣ ಬಾವಿಗೆ ಬಿತ್ತು. ಗಂಡಸರು ಹೊಲದಲ್ಲಿದ್ದರು. ಆಯಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕರುವನ್ನು ಎತ್ತಿಕೊಂಡು ಬಂದಳು. ಇಷ್ಟು ಸರಿ. ಹಗ್ಗದ ಇನ್ನೊಂದು ತುದಿ ಮೇಲೆ ಯಾರ ಕೈಯಲ್ಲಿತ್ತು? ಅದನ್ನು ನೀನು ಹೇಳಿಲ್ಲ. ನಾನು ಮರೆತೆನೋ, ನೀನು ಬಿಟ್ಟೆಯೋ?

ಈ ಸಲ ಸಾರಿ ಬರೆಯುವುದಿಲ್ಲ. ಹೆಸರು ಬರೆದು ಕಳಿಸು.

ನಿಕಿತಾ


ಸಾನಪಾಡಾ
26 ಅಕ್ಟೋಬರ್ 2025

ನಿಕಿತಾ,

ತಡವಾಯಿತು. ಪರೀಕ್ಷೆ ಇತ್ತು, ದೀಪಾವಳಿ ಇತ್ತು. ಅದೂ ನೆಪವೇ. ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಹೆಸರು ನಿಂಬೆವ್ವ. ಬರೆದುಕೋ. ಒಂಬತ್ತರಲ್ಲಿ ಎಂಟು ಆಯಿಯವು. ಕಂಡಕ್ಟರನ ಸೀಟಿ ಕಸಿದುಕೊಂಡವಳು ನಿಜವಾಗಿಯೂ ಅವ್ವ, ಅದನ್ನು ವಾಪಸ್ ವರ್ಗ ಮಾಡು. ಆದ್ದರಿಂದ ಲಿಫ್ಟಿನಲ್ಲಿ ಹೆದರಿದ್ದು ಪೂರ್ತಿ ವ್ಯರ್ಥವಲ್ಲ.

ಹಗ್ಗ ಹಿಡಿದವರು ಯಾರೆಂದು ನನಗೆ ಗೊತ್ತಿಲ್ಲ. ಅವ್ವನಿಗೂ ಗೊತ್ತಿಲ್ಲ. ಆಯಿ ಈ ಕತೆಯನ್ನು ನೂರು ಸಲ ಹೇಳಿರಬೇಕು, ಪ್ರತಿ ಸಲ ನಾವು ಅವಳ ಜೊತೆ ಬಾವಿಯೊಳಗೇ ಇದ್ದೆವು. ಮೇಲೆ ಯಾರೂ ನೋಡಲಿಲ್ಲ.

ತಿಥಿಯ ಪ್ರಕಾರ ನವೆಂಬರ್ ಒಂಬತ್ತನೇ ತಾರೀಕು ಭಾನುವಾರ ಇಲ್ಲಿ ಆಯಿಯ ವರ್ಷದ ಕಾರ್ಯ. ಊರಿಂದ ಸಿದ್ಧೇಶ್ವರ ಮಾಮಾ ಬರುತ್ತಾನೆ, ಅವನನ್ನು ಕೇಳು. ಠಾಣೆಯಲ್ಲಿ ರೈಲು ಬದಲಿಸುವಾಗ ವಾಶಿ ಗಾಡಿ ಹತ್ತು. ಪನ್ವೇಲ್ ಗಾಡಿ ಹತ್ತಿದರೆ ಅದು ತುರ್ಭೆ ದಾಟಿ ಬೇರೆ ಕಡೆಗೆ ತಿರುಗುತ್ತದೆ, ಸಾನಪಾಡಾ ಸಿಗುವುದಿಲ್ಲ. ನಿಮ್ಮ ಮಾವನಿಗೆ ಅವ್ವ ಬರಹೇಳಿದ್ದಾಳೆ.

ಪೂನಂ


ಸಾನಪಾಡಾ
16 ನವೆಂಬರ್ 2025

ನಿಕಿತಾ,

ನೀವು ಹೋದ ಮೇಲೆ ಏನಾಯಿತು ಎಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅವತ್ತು ಪಂಕ್ತಿಯಲ್ಲಿ ಎಲ್ಲರೂ ಆಯಿಯ ಬಗ್ಗೆ ದೊಡ್ಡ ದೊಡ್ಡ ಮಾತು ಹೇಳಿದರು. ದೇವರಂಥಾಕಿ, ಅನ್ನಪೂರ್ಣೆ ಅಂತ. ನೀನು ಹೋಳಿಗೆ ಪಕ್ಕಕ್ಕೆ ಸರಿಸಿ ಸಿದ್ಧೇಶ್ವರ ಮಾಮಾನನ್ನು ಹಗ್ಗದ ವಿಷಯ ಕೇಳಿದೆಯಲ್ಲ. "ಯಾಂವ ಬಲ್ಲ ತಂಗಿ, ಗಿಡಕ್ಕ ಕಟ್ಟಿದ್ದಳೇನೋ" ಎಂದ. ನೀನು "ಗಿಡಕ್ಕೆ ಕಟ್ಟಿದ್ರೆ ಮೇಲೆ ಎಳೆದಿದ್ದು ಗಿಡವಾ ಮಾಮಾ?" ಎಂದೆ. ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನಾನು ಅವಳ ಮುಖ ನೋಡಿದೆ. ಈ ಸಲ ಕಣ್ಣಿನ ನೀರೂ ಕಾಣಿಸಿತು. ಅಥವಾ ಅವತ್ತೂ ಇತ್ತು, ನಾನು ನಿಂತ ಜಾಗದಿಂದ ಕಾಣಲಿಲ್ಲ.

ನಿನ್ನ ಪ್ರಶ್ನೆ ಮಾಮಾನಿಗೆ ಮುಳ್ಳಿನ ಹಾಗೆ ನಟ್ಟಿತು. ನೀವು ಸ್ಟೇಷನ್ ಮುಟ್ಟುವುದರೊಳಗೆ ಫೋನ್ ಹಿಡಿದ. ಊರಿಗೆ ಮಾಡಿದ, ಅಲ್ಲಿಂದ ಇನ್ನೊಬ್ಬರ ನಂಬರ್, ಅಲ್ಲಿಂದ ಮತ್ತೊಬ್ಬರದು. ಆರನೆಯ ಫೋನಿಗೆ ಇಂಡಿ ಎಂಬ ಊರಿನಲ್ಲಿ ಒಬ್ಬ ಮುದುಕಿ ಸಿಕ್ಕಳು. ಹೆಸರು ಗುರುಬಾಯಿ. ಆಯಿಯ ತವರೂರಿನವಳೇ, ಅವಳಿಗಿಂತ ಒಂದು ವರ್ಷ ಸಣ್ಣವಳಂತೆ. ಮಾಮಾ ಸ್ಪೀಕರ್ ಹಾಕಿ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಹಗ್ಗದ ವಿಷಯ ಕೇಳಿದೆ.

"ನಾನಽ ಹಿಡಿದಿದ್ದೆ" ಎಂದಳು. "ಮತ್ಯಾರು ಹಿಡೀಬೇಕು? ಕಾಲು ಕಲ್ಲಿಗೆ ಕೊಟ್ಟು ಎಳದೆ. ಎರಡೂ ಅಂಗೈ ಸುಲದು ಹೋದವು. ನಿಂಬಿ ಕರಾ ಹೊತಗೊಂಡು ಊರತುಂಬ ಮೆರದಳು. ನಾ ಮನಿಗಿ ಹೋಗಿ ಬೆಣ್ಣಿ ಹಚ್ಚಿಕೊಂಡು ಕುಂತೆ."

"ಸಿಟ್ಟು ಬರಲಿಲ್ಲೇನು ಆಯಿ?" ಎಂದು ಕೇಳಿದೆ.

"ಬಂತು. ನಾಕು ದಿನ ಮಾತು ಬಿಟ್ಟೆ. ಐದನೇ ದಿನ ಆಕಿನಽ ಬಂದು ನನ್ನ ಕೈ ತಿರುವಿ ನೋಡಿದಳು. ನೋಡಿದಳು, ಅಷ್ಟಽ."

ಆಮೇಲೆ ಅವಳು ಆಯಿಯ ಬಗ್ಗೆ ಒಂದು ತಾಸು ಹೇಳಿದಳು. ಅವ್ವನಿಗೂ ಗೊತ್ತಿಲ್ಲದ್ದು ನಾಲ್ಕು ಇವೆ. ಅವನ್ನು ಬೇರೆ ಕಾಗದದಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ, ನಿನ್ನ ಪುಟಕ್ಕೆ ಹಾಕಿಕೋ.

ಫೋನ್ ಇಡುವ ಮೊದಲು ಗುರುಬಾಯಿ ಕೇಳಿದಳು: "ಎಪ್ಪತ್ತು ವರ್ಷದಾಗ ಒಬ್ಬರೂ ಕೇಳಿರಲಿಲ್ಲವ್ವ. ಈಗ ಕೇಳಿದವರು ಯಾರು?"

"ನನ್ನ ಗೆಳತಿ" ಎಂದೆ.

"ಹೆಸರೇನು ಆಕೀದು?"

ಅವಳಿಗೆ ಕಿವಿ ಮಂದ. ನಿನ್ನ ಹೆಸರು ಆ ಕಡೆಯವರಿಗೆ ಹೊಸದು ಬೇರೆ. ಮೂರು ಸಲ ಹೇಳಿಸಿಕೊಂಡಳು. ಮೂರು ಸಲವೂ ಹೇಳಿದೆ.

ನಿನ್ನ
ಪೂನಂ